ಅಪ್ಸರಕೊಂಡ ಎಂಬ ಕಂಪನಿ

ನಾನು ಆ ದ್ವೀಪಕ್ಕೆ ಹೋಗಿ ಇಳಿದ ಮರುದಿನ ಬೆಳಿಗ್ಗೆ ಕಿಟಕಿ ತೆರೆದು ನೋಡಿದರೆ ಸಮುದ್ರ ಇರಲಿಲ್ಲ. ಹಿಂದಿನ ರಾತ್ರಿ ಮನೆಯ ಕೆಳಗಿನ ಕಲ್ಲುಗೋಡೆಗೆ ಬಡಿಯುತ್ತಿದ್ದ ನೀರು ಅಷ್ಟೂ ಎಲ್ಲಿಗೋ ಹೋಗಿಬಿಟ್ಟಿತ್ತು. ಕಣ್ಣು ಹರಿಯುವಷ್ಟು ದೂರ ಕಪ್ಪು ಬಂಡೆ, ಕೆಸರು, ಹಸಿರು ಪಾಚಿ. ದೋಣಿಗಳು ಒಂದು ಮಗ್ಗುಲಿಗೆ ಬಿದ್ದುಕೊಂಡಿದ್ದವು. ನಾನು ಹುಟ್ಟಿದ್ದು ಹೊನ್ನಾವರದಲ್ಲಿ, ಶರಾವತಿ ಸಮುದ್ರ ಸೇರುವ ಹೊಳೆಬಾಯಿಯ ಮೀನುಗಾರರ ಕೇರಿಯಲ್ಲಿ. ನಮ್ಮಲ್ಲಿ ಇಳಿತವೆಂದರೆ ನೀರು ಒಂದಿಷ್ಟು ಹಿಂದೆ ಸರಿದು ಚಿಪ್ಪು ಆರಿಸಲು ಜಾಗ ಬಿಟ್ಟುಕೊಡುತ್ತದೆ, ಅಷ್ಟೆ. ಸಮುದ್ರವೇ ಇಡಿಯಾಗಿ ಎದ್ದುಹೋಗುವುದನ್ನು ನಾನು ಕಂಡವಳಲ್ಲ. ಏನೋ ಅನಾಹುತ ಆಗಿದೆ ಎಂದುಕೊಂಡು ಬರಿಗಾಲಲ್ಲಿ ಕೆಳಗೆ ಓಡಿದೆ.

ಅಡಿಗೆಮನೆಯಲ್ಲಿ ಮನೆಯೊಡತಿ ಎಲ್ಸಿ ಬ್ರೆಡ್ಡು ಕೊಯ್ಯುತ್ತಿದ್ದಳು. ಅರವತ್ತು ದಾಟಿದ ವಿಧವೆ, ಎತ್ತರದ ಆಳು, ಕೈಬೆರಳುಗಳು ಗಂಡಸಿನ ಬೆರಳುಗಳ ಹಾಗೆ ದಪ್ಪ. ನನ್ನ ಮುಖ ನೋಡಿ ಅವಳಿಗೆ ಅರ್ಥವಾಯಿತು.

"ಮಧ್ಯಾಹ್ನದೊಳಗೆ ವಾಪಸು ಬರುತ್ತದೆ. ದಿನಕ್ಕೆ ಎರಡು ಸಲ ಹೋಗುತ್ತದೆ, ಎರಡು ಸಲ ಬರುತ್ತದೆ. ಕೂತು ಚಹಾ ಕುಡಿ" ಎಂದಳು.

ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವೆ ಇರುವ ಒಂದು ಸಣ್ಣ ದ್ವೀಪ ಅದು. ಹೆಸರು ಬರೆಯುವುದಿಲ್ಲ. ಎಲ್ಸಿಯ ಸಂಬಂಧಿಕರು ಇನ್ನೂ ಅಲ್ಲಿದ್ದಾರೆ, ನಾನೂ ಅಲ್ಲೇ ಇದ್ದೇನೆ. ನಾನು ಹೋದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ, ಅಲ್ಲಿಯ ಆಸ್ಪತ್ರೆಗೆ ನರ್ಸಾಗಿ. ನಮ್ಮ ಕೇರಿಯಿಂದ ಹೈಸ್ಕೂಲು ಮುಗಿಸಿದ ಮೊದಲ ಹುಡುಗಿ ನಾನು. ಮಂಗಳೂರಿನಲ್ಲಿ ನರ್ಸಿಂಗಿಗೆ ಸೀಟು ಕೊಡಿಸಿದವರು ಕುಮಟೆಯ ವಕೀಲರು. ಮೀನುಗಾರರ ಪರವಾಗಿ ಕೋರ್ಟಿನಲ್ಲಿ ಫೀಸಿಲ್ಲದೆ ವಾದಿಸುತ್ತಿದ್ದರು. ನನ್ನ ಹಾಸ್ಟೆಲಿನ ಖರ್ಚನ್ನೂ ಮೂರು ವರ್ಷ ಅವರೇ ಕೊಟ್ಟರು. ನಮ್ಮ ಮನೆಯಲ್ಲಿ ಅವರ ಹೆಸರು ಹಿಡಿದು ಯಾರೂ ಮಾತಾಡುತ್ತಿರಲಿಲ್ಲ. ವಕೀಲರು ಎಂದರೆ ಅವರೊಬ್ಬರೇ. ಲಂಡನ್ನಿನಲ್ಲಿ ಎರಡು ವರ್ಷ ಕೆಲಸ ಮಾಡಿದ ಮೇಲೆ ಈ ದ್ವೀಪದ ಜಾಹೀರಾತು ನೋಡಿದೆ. ಸುತ್ತ ಸಮುದ್ರ ಎಂದಷ್ಟೇ ಯೋಚಿಸಿ ಅರ್ಜಿ ಹಾಕಿದ್ದೆ.

ಹೊರಗಿನಿಂದ ಬಂದವರು ಅಲ್ಲಿ ಮನೆ ಬಾಡಿಗೆಗೆ ಹಿಡಿಯುವ ಹಾಗಿಲ್ಲ. ಹತ್ತು ವರ್ಷ ಬಿಡದೆ ಇದ್ದವರಿಗೆ ಮಾತ್ರ ಆ ಹಕ್ಕು. ಹಕ್ಕು ಸಿಕ್ಕಿದವರನ್ನು 'ಕ್ವಾಲಿ' ಎನ್ನುತ್ತಾರೆ. ಉಳಿದವರು ಯಾರದಾದರೂ ಮನೆಯ ಒಂದು ಕೋಣೆಯಲ್ಲಿ ಇರಬೇಕು. ಜಾಗ ಕಡಿಮೆ ಇರುವುದರಿಂದ ಈ ಕಾನೂನು ಎಂದು ಎಲ್ಲರೂ ಹೇಳುತ್ತಿದ್ದರು. ಆದರೆ ಹಣವಂತರಿಗೆ ಬೇರೆ ಬಾಗಿಲಿತ್ತು. ದೊಡ್ಡ ಕಾರಿನಲ್ಲಿ ಬಂದವನಿಗೆ ಬೆಟ್ಟದ ಮೇಲಿನ ಬಂಗಲೆ ಒಂದು ತಿಂಗಳಲ್ಲಿ ಸಿಗುತ್ತಿತ್ತು. ಹೆರಿಗೆ ಮಾಡಿಸುವ ದಾದಿಗೆ ಹತ್ತು ವರ್ಷ. ನಮ್ಮ ವಾರ್ಡಿನಲ್ಲಿ ನರ್ಸುಗಳು ಬರುತ್ತಿದ್ದರು, ಕೋಣೆ ಸಿಗದೆ ಆರು ತಿಂಗಳಲ್ಲಿ ಹೋಗುತ್ತಿದ್ದರು. ಒಮ್ಮೊಮ್ಮೆ ಮೂವತ್ತು ಮುದುಕರಿಗೆ ನಾವು ಇಬ್ಬರೇ.

ನನಗೆ ಎಲ್ಸಿಯ ಮನೆಯ ಮಹಡಿಯ ಕೋಣೆ ಸಿಕ್ಕಿದ್ದು ಪುಣ್ಯ. ಅವಳ ಗಂಡ ಟೊಮೆಟೊ ಬೆಳೆಯುತ್ತಿದ್ದ, ಬೇಸಿಗೆಯಲ್ಲಿ ಮೀನಿಗೂ ಹೋಗುತ್ತಿದ್ದ. ಮನೆಯ ಹಿಂದೆ ಸಮುದ್ರದ ಕಡೆಗೆ ಇಳಿಜಾರಾದ ಸಣ್ಣ ಗದ್ದೆ. ಅಂಥ ಗದ್ದೆಗೆ ಅಲ್ಲಿಯವರ ಹಳೆಯ ಮಾತಿನಲ್ಲಿ 'ಕೋಟಿ' ಎನ್ನುತ್ತಾರೆ. ನನಗೆ ಮೊದಲ ಸಲ ಕೇಳಿದಾಗ ನಗು ಬಂತು. ಆಮೇಲೆ ತಿಳಿಯಿತು, ಬ್ಯಾಂಕಿನವರು ಅದಕ್ಕೆ ಕೊಡಲು ಸಿದ್ಧವಿದ್ದ ಬೆಲೆಗೂ ಆ ಹೆಸರಿಗೂ ಬಹಳ ದೂರವಿರಲಿಲ್ಲ. ಆ ಗದ್ದೆಗೆ ಗೊಬ್ಬರ ಸಮುದ್ರದ ಪಾಚಿ. ಅದಕ್ಕೆ 'ವ್ರಾಕ್' ಎಂದು ಹೆಸರು. ಚಳಿಗಾಲದಲ್ಲಿ ಊರಿಗೆ ಊರೇ ಗಾಡಿ ಕಟ್ಟಿಕೊಂಡು ದಂಡೆಗೆ ಇಳಿದು ವ್ರಾಕ್ ತುಂಬುತ್ತಿತ್ತಂತೆ. ನಮ್ಮಲ್ಲಿ ತಾರ್ಲೆ ಮೀನು ಮಾರಾಟವಾಗದೆ ಕೊಳೆತರೆ ತೆಂಗಿನ ಬುಡಕ್ಕೆ ಹಾಕುವುದನ್ನು ನಾನು ಹೇಳಿದೆ. ಎಲ್ಸಿ ಮೂಗು ಮುಚ್ಚಿಕೊಂಡು, "ಹಾಗಾದರೆ ನೀನೂ ನಮ್ಮವಳೇ" ಎಂದಳು.

ಮೊದಲ ವರ್ಷದ ನನ್ನ ದೊಡ್ಡ ಗೆಲುವು ಬಂಗಡೆ. ಬೇಸಿಗೆಯಲ್ಲಿ ಆ ಸಮುದ್ರದಲ್ಲೂ ಬಂಗಡೆ ಬರುತ್ತದೆ, ನಮ್ಮದಕ್ಕಿಂತ ಸ್ವಲ್ಪ ಉದ್ದ, ಮೈಮೇಲೆ ಪಟ್ಟಿ. ಅಲ್ಲಿಯವರು ಅದನ್ನು ಗಾಳಕ್ಕೆ ಸಿಕ್ಕಿಸುತ್ತಿದ್ದರು. ನಾನು ಅದಕ್ಕೆ ಖಾರ ಅರೆದೆ. ಹುಳಿಗೆ ಮುರುಗಲು ಎಲ್ಲಿಂದ ತರಲಿ? ಎಲ್ಸಿ ತನ್ನ ಹಿತ್ತಿಲಿನ ಒಂದು ಮುಳ್ಳುಗಿಡದ ಹಸಿರು ಕಾಯಿ ಕೊಟ್ಟಳು, ನೆಲ್ಲಿಕಾಯಿಯ ಹಾಗೆಯೇ ಹುಳಿ. ಸಾರು ಕುದಿಯುವಾಗ ಬಂದ ವಾಸನೆಗೆ ನಾನು ಒಲೆಯ ಮುಂದೆಯೇ ಕೂತು ಅತ್ತೆ. ಎಲ್ಸಿ ತಟ್ಟೆ ತಂದಿಟ್ಟಳು. ಅವಳಿಗೆ ಒಬ್ಬಳೇ ಮಗಳು, ಮದುವೆಯಾಗಿ ಮೂರು ವರ್ಷ ಮನೆ ಹುಡುಕಿ, ಹುಟ್ಟಿದೂರಿನಲ್ಲೇ ಮನೆ ಕೊಳ್ಳಲಾಗದೆ ಇಂಗ್ಲೆಂಡಿಗೆ ಹೋಗಿದ್ದಳು. ಮಗಳ ಹಾಸಿಗೆಯಲ್ಲಿ ನಾನು ಮಲಗುತ್ತಿದ್ದೆ.

ನಾನು ಆಸ್ಪತ್ರೆಗೆ ಹೊರಟಾಗ ಎಲ್ಸಿ, "ಆ ಬೇಟೋ" ಎನ್ನುತ್ತಿದ್ದಳು. ಅವರ ಹಳೆಯ ಭಾಷೆಯಲ್ಲಿ ಮತ್ತೆ ಸಿಗುವಾ ಎಂದರ್ಥ. ಗಂಡ ಸತ್ತ ಮೇಲೆ ಆ ಭಾಷೆಯಲ್ಲಿ ಮಾತಾಡಲು ಅವಳಿಗೆ ಯಾರೂ ಇರಲಿಲ್ಲ. ನಮ್ಮಲ್ಲಿಯೂ ಮನೆಯಿಂದ ಹೊರಡುವಾಗ ಹೋಗ್ತೆ ಎನ್ನಬಾರದು, ಹೋಗಿ ಬತ್ತೆ ಅನ್ನಬೇಕು ಎಂದೆ. ಅವಳು ಅದನ್ನು ಕಲಿತಳು. ಅವಳ ಬಾಯಲ್ಲಿ ಅದು ಓಗಿಬತ್ತಿ ಆಯಿತು.

ಪ್ರತಿ ಗುರುವಾರ ಮಧ್ಯಾಹ್ನ ಮೂರಕ್ಕೆ ಟೈ ಕಟ್ಟಿದ ಒಬ್ಬ ಮನುಷ್ಯ ಚರ್ಮದ ಚೀಲ ಹಿಡಿದು ಬರುತ್ತಿದ್ದ. ಬಹಳ ಮರ್ಯಾದಸ್ಥ, ಕಾಲೊರೆಸಿಕೊಳ್ಳದೆ ಒಳಗೆ ಕಾಲಿಡುತ್ತಿರಲಿಲ್ಲ. ಅಡಿಗೆಮನೆಯ ಮೇಜಿನ ಮೇಲೆ ಕಾಗದಗಳನ್ನು ಜೋಡಿಸುತ್ತಿದ್ದ. ಎಲ್ಸಿ ಕನ್ನಡಕ ಹಾಕಿಕೊಂಡು ಒಂದೊಂದಕ್ಕೂ ಸಹಿ ಮಾಡುತ್ತಿದ್ದಳು. ಅವನು ಹೋದ ಮೇಲೆ ನನಗೆ, "ಇವತ್ತು ಹನ್ನೊಂದು ಮೀಟಿಂಗು ಮುಗಿಸಿದೆ" ಎನ್ನುತ್ತಿದ್ದಳು.

ಆ ಮೀಟಿಂಗು ಎಂಥದು ಎಂದು ತಿಳಿಯಲು ನನಗೆ ಬಹಳ ದಿನ ಬೇಕಾಯಿತು. ಎಲ್ಸಿ ನೂರಾರು ಕಂಪನಿಗಳ ನಿರ್ದೇಶಕಿ. ಒಂದರ ಹೆಸರೂ ಅವಳಿಗೆ ನೆನಪಿರುತ್ತಿರಲಿಲ್ಲ. ಒಡೆಯರು ಬೇರೆ ಬೇರೆ ದೇಶಗಳಲ್ಲಿ ಇರುತ್ತಿದ್ದರು. ತಮ್ಮ ದೇಶದ ಸರಕಾರಕ್ಕೆ ತೆರಿಗೆ ಕೊಡಬಾರದು, ತಮ್ಮ ಹೆಸರು ಎಲ್ಲೂ ಕಾಣಬಾರದು ಎಂಬುದು ಅವರ ಅಪೇಕ್ಷೆ. ಅದಕ್ಕೆ ದ್ವೀಪದಲ್ಲಿ ಒಂದು ಕಂಪನಿ, ಆ ಕಂಪನಿಗೆ ದ್ವೀಪದ ಯಾರಾದರೂ ಒಬ್ಬರ ಸಹಿ. ಒಡೆಯ ಯಾರೆಂದು ಟೈ ಮನುಷ್ಯನ ಆಫೀಸಿಗೆ ಮಾತ್ರ ಗೊತ್ತು, ಹೇಳಿದರೆ ಅಪರಾಧ. ಸಹಿಗೆ ವರ್ಷಕ್ಕೆ ಇಷ್ಟು ಎಂದು ಎಲ್ಸಿಗೆ ಬರುತ್ತಿತ್ತು. ಗಂಡನ ಟೊಮೆಟೊ ಯಾವತ್ತೂ ಅಷ್ಟು ಕೊಟ್ಟಿರಲಿಲ್ಲ. ಟೊಮೆಟೊ ಬೆಳೆಯುತ್ತಿದ್ದ ಗಾಜಿನ ಮನೆಗಳು ಒಂದೊಂದಾಗಿ ಒಡೆದುಬಿದ್ದವು. ಮೀನಿನ ದಕ್ಕೆಯಲ್ಲಿ ಸಾಲಾಗಿ ಬಿಳಿ ವಿಹಾರದೋಣಿಗಳು ನಿಂತವು. ಶಾಲೆ ಮುಗಿಸಿದ ಮಕ್ಕಳೆಲ್ಲ ನೇರ ಬ್ಯಾಂಕಿನ ಮೆಟ್ಟಿಲು ಹತ್ತಿದರು. ಬಡಗಿ ಬೇಕೆಂದರೂ ಇಂಗ್ಲೆಂಡಿನಿಂದ ಕರೆಸಬೇಕಿತ್ತು.

ಆಗ ನನಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ ಎಂಬುದನ್ನೂ ಬರೆಯಬೇಕು. ಒಬ್ಬ ವಿಧವೆ ಬಿಸಿ ಮನೆಯಲ್ಲಿ ಕೂತು ಸಹಿ ಮಾಡಿ ಬದುಕುತ್ತಾಳೆ. ನನ್ನ ಅಮ್ಮ ಮೀನಿನ ಬುಟ್ಟಿ ಹೊತ್ತು ಹೊನ್ನಾವರದ ಪೇಟೆ ಸುತ್ತುತ್ತಾಳೆ. ಎಲ್ಸಿಯ ಅದೃಷ್ಟ ಎಂದುಕೊಂಡಿದ್ದೆ.

ಎರಡನೆಯ ಬೇಸಿಗೆಯಲ್ಲಿ ವಕೀಲರು ಬಂದರು. ವಾರ್ಡಿನಿಂದ ನನ್ನನ್ನು ಕರೆದರು, ಹೊರಗೆ ಹೋಗಿ ನೋಡಿದರೆ ಉಣ್ಣೆಯ ಕೋಟು ಹಾಕಿಕೊಂಡು ಅವರೇ ನಿಂತಿದ್ದಾರೆ.

"ಎಂತ ಸಾವಿತ್ರಿ, ಅಡ್ಡಿಲ್ಲ ಅಲ್ಲಾ?" ಎಂದರು. "ಲಂಡನ್ನಿಗೆ ಕೆಲ್ಸದ ಮೇಲೆ ಬಂದಿದ್ದೆ. ಇಷ್ಟು ದೂರ ಬಂದು ನಿನ್ನ ನೋಡ್ದೆ ಹೋದ್ರೆ ನಿನ್ನ ಅಮ್ಮ ನನ್ನ ಬಿಡ್ತಾಳಾ?"

ಅಮ್ಮ ಕೊಟ್ಟ ಪೊಟ್ಟಣ ತಂದಿದ್ದರು. ಒಣ ಶೆಟ್ಲಿ, ಮುರುಗಲ ಸಿಪ್ಪೆ, ಬಂಗಡೆಗೆ ಹಾಕಲು ಜುಮ್ಮನಕಾಯಿ. ಸಿಗಡಿಗೆ ನಮ್ಮಲ್ಲಿ ಶೆಟ್ಲಿ ಎನ್ನುತ್ತಾರೆ. ಲಂಡನ್ನಿನಿಂದ ವಿಮಾನ ಹತ್ತಿ ನನ್ನೊಬ್ಬಳನ್ನು ನೋಡಲು ಇವರು ಬಂದರಲ್ಲ ಎಂದು ವಾರ್ಡಿನವರಿಗೆಲ್ಲ ಅವರನ್ನು ತೋರಿಸಿದೆ. ಸಂಜೆ ಬಂಡೆಗಳ ಮೇಲೆ ಅಡ್ಡಾಡಲು ಹೋದೆವು. ಅವರು ಸಮುದ್ರ ನೋಡುತ್ತ, "ಥೇಟ್ ನಮ್ಮ ಅಪ್ಸರಕೊಂಡದ ಗುಡ್ಡ ಕಂಡಂಗೇ ಆಗ್ತದೆ" ಎಂದರು. ಹೊನ್ನಾವರದ ಹತ್ತಿರ ಸಮುದ್ರದ ಬದಿಯ ಗುಡ್ಡ ಅದು, ಸಣ್ಣ ಜಲಪಾತವಿದೆ. ಊರಿನ ಸುದ್ದಿ ಹೇಳಿದರು. ಅವರೇ ಮುಂದೆ ನಿಂತು ಕಟ್ಟಿಸಿದ ಶೆಟ್ಲಿ ಫ್ಯಾಕ್ಟರಿ ಚೆನ್ನಾಗಿ ನಡೆಯುತ್ತಿತ್ತಂತೆ. ನಮ್ಮ ಕೇರಿಯ ಪ್ರತಿ ಮನೆಯೂ ಅದರಲ್ಲಿ ಶೇರು ಹಾಕಿತ್ತು. ಅಣ್ಣ ಮಂಜುನಾಥ, ಕೇರಿಯವರೆಲ್ಲ ಕೂಡಿ ಎಳೆಯುವ ರಂಪಣಿ ಬಲೆಯಲ್ಲಿದ್ದ ಅಪ್ಪನ ಪಾಲನ್ನು ಮಾರಿ ಶೇರು ಕೊಂಡಿದ್ದ. ಅಮ್ಮ ಬುಟ್ಟಿ ಬಿಟ್ಟು ಫ್ಯಾಕ್ಟರಿಯಲ್ಲಿ ಶೆಟ್ಲಿ ಸುಲಿಯುತ್ತಿದ್ದಳು. ಸುಲಿದ ಶೆಟ್ಲಿ ಮಂಜುಗಡ್ಡೆಯಾಗಿ ಜಪಾನಿಗೆ ಹೋಗುತ್ತಿತ್ತು.

"ನಮ್ಮ ಜನ ಇನ್ನು ದಲ್ಲಾಳಿಯ ಬಾಯಿ ನೋಡ್ಕಂಡು ಕೂರೂದು ಬ್ಯಾಡ" ಎಂದರು ವಕೀಲರು. ನಾನು ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿ ಕಳಿಸಿದೆ.

ಕೆಲವು ತಿಂಗಳ ಮೇಲೆ ಒಂದು ಗುರುವಾರ ನನಗೆ ರಜೆ ಇತ್ತು. ಹೊಸ ಕಂಪನಿಯ ಕಾಗದಕ್ಕೆ ಸಾಕ್ಷಿ ಬೇಕು, ಯಾವಾಗಲೂ ಬರುವ ಪಕ್ಕದ ಮನೆಯಾಕೆ ಊರಲ್ಲಿಲ್ಲ, ನಾನು ಸಹಿ ಹಾಕಬಹುದೇ ಎಂದು ಟೈ ಮನುಷ್ಯ ಕೇಳಿದ. ಎಲ್ಸಿ ಕಾಗದ ಹಿಡಿದು ಹೆಸರು ಓದಲು ಹೆಣಗುತ್ತಿದ್ದಳು. "ಆಪ್... ಆಪ್ಸಾರಾ..."

ನಾನು ಬಗ್ಗಿ ನೋಡಿದೆ. ಇಂಗ್ಲಿಷ್ ಅಕ್ಷರಗಳಲ್ಲಿ ಅಪ್ಸರಕೊಂಡ ಟ್ರೇಡಿಂಗ್ ಎಂದಿತ್ತು. ಆ ಅಡಿಗೆಮನೆಯಲ್ಲಿ ಆ ಹೆಸರು ಕಂಡ ಖುಷಿಯನ್ನು ಈಗ ಹೇಗೆ ಬರೆಯಲಿ. ಇದು ನಮ್ಮೂರು, ಇಲ್ಲಿ ಅಪ್ಸರೆಯರು ಸ್ನಾನಕ್ಕೆ ಇಳಿಯುತ್ತಿದ್ದರಂತೆ ಎಂದು ಎಲ್ಸಿಗೆ ಹೇಳಿದೆ. ಅಪ್-ಸ-ರ-ಕೊಂ-ಡ ಎಂದು ಬಿಡಿಸಿ ಹೇಳಿಕೊಟ್ಟೆ. ಅವಳು ಮೂರು ಸಲ ಹೇಳಿ ಸರಿಮಾಡಿಕೊಂಡಳು. ಹೊನ್ನಾವರದ ಕಡೆಯವರು ಯಾರೋ ಇದ್ದಾರೆ, ಒಂದು ದಿನ ಮೀನು ಸಾರಿನ ಊಟಕ್ಕೆ ಕರೆಯುತ್ತೇನೆ, ಯಾರು ಹೇಳಿ ಎಂದು ಟೈ ಮನುಷ್ಯನನ್ನು ಕೇಳಿದೆ. ಅವನು ನಕ್ಕು ಪೆನ್ನು ಕೊಟ್ಟ. ನಾನು ನನ್ನ ಹೆಸರು, ಅಪ್ಪನ ಹೆಸರು, ಊರು ಎಲ್ಲ ಚಂದವಾಗಿ ಬರೆದು ಸಹಿ ಮಾಡಿದೆ. ಐದು ಪೌಂಡು ಕೊಟ್ಟ.

ವಕೀಲರು ಬಂಡೆಯ ಮೇಲೆ ನಿಂತು ಅದೇ ಗುಡ್ಡದ ಹೆಸರು ಹೇಳಿದ್ದು ನನಗೆ ಹೊಳೆಯಲೇ ಇಲ್ಲ. ದೇವರಂಥವರು ಎಂದು ಒಮ್ಮೆ ಒಪ್ಪಿಕೊಂಡ ಮೇಲೆ ಅವರ ವಿಷಯದಲ್ಲಿ ಬುದ್ಧಿ ಓಡುವುದಿಲ್ಲ.

ಒಂದೂವರೆ ವರ್ಷದ ಮೇಲೆ ಅಣ್ಣನ ಕಾಗದ ಬಂತು. ಅಣ್ಣ ಏಳನೇ ಇಯತ್ತೆ ಓದಿದವನು, ಮಾತಾಡಿದ ಹಾಗೇ ಬರೆಯುತ್ತಾನೆ. 'ತಂಗಿ, ಫ್ಯಾಕ್ಟರಿ ಲಾಸಲ್ಲಿ ಅದೆ ಹೇಳ್ತ್ರು. ನಾಕು ತಿಂಗಳಿಂದ ಸುಲಿಯೂ ಹೆಂಗಸ್ರಿಗೆ ಪಗಾರ ಕೊಡ್ಲಿಲ್ಲ. ಜಪಾನಿನಲ್ಲಿ ಶೆಟ್ಲಿಗೆ ಚಿನ್ನದ ರೇಟು ಅಂತ ಬೋಟಿನವ್ರು ಹೇಳ್ತ್ರು. ನಮ್ಮ ಫ್ಯಾಕ್ಟರಿದು ಮಾತ್ರ ನೀರಿನ ರೇಟಿಗೆ ಹೋಗ್ತದಂತೆ. ಎಂತಕೆ ಅಂದ್ರೆ ನಾವು ಮಾರೂದು ಜಪಾನಿಗೆ ಅಲ್ಲ, ಅಪ್ಸರಕೊಂಡ ಟ್ರೇಡಿಂಗ್ ಹೇಳೂ ಕಂಪನಿಗೆ. ಅದು ನೀ ಇರೂ ದ್ವೀಪದಲ್ಲೇ ಅದೆಯಂತೆ. ನೀ ಒಂದ್ಸಲ ಅವ್ರ ಆಫೀಸಿಗೆ ಹೋಗಿ ಕೇಳು, ಸಮಾ ರೇಟು ಎಂತಕೆ ಕೊಡೂದಿಲ್ಲ ಅಂತ. ಬಡವ್ರ ದುಡ್ಡು, ಸಮಾಧಾನದಲ್ಲೇ ಕೇಳು.'

ಆ ಕಾಗದ ಓದಿದಾಗ ನಾನು ಆ ಆಫೀಸಿನಲ್ಲೇ, ಆ ಅಡಿಗೆಮನೆಯ ಮೇಜಿನ ಮುಂದೆ, ಕೂತಿದ್ದೆ. ಎದುರಿಗೆ ಎಲ್ಸಿ ಬಟಾಣಿ ಬಿಡಿಸುತ್ತಿದ್ದಳು.

ಶೆಟ್ಲಿ ಹಡಗಿನಲ್ಲಿ ನೇರ ಜಪಾನಿಗೆ ಹೋಗುತ್ತಿತ್ತು. ಒಂದು ಬಾಲವೂ ಆ ದ್ವೀಪದ ಹತ್ತಿರ ಸುಳಿದಿರಲಿಲ್ಲ. ಕಾಗದ ಮಾತ್ರ ಅಡಿಗೆಮನೆಯ ಮೂಲಕ ಹೋಗುತ್ತಿತ್ತು. ಹೊನ್ನಾವರದ ಫ್ಯಾಕ್ಟರಿ ಅಪ್ಸರಕೊಂಡಕ್ಕೆ ಅಗ್ಗದಲ್ಲಿ ಮಾರುತ್ತದೆ, ಅಪ್ಸರಕೊಂಡ ಜಪಾನಿನವರಿಗೆ ಪೂರ್ತಿ ಬೆಲೆಗೆ ಮಾರುತ್ತದೆ. ನಡುವಿನದು ದ್ವೀಪದ ಬ್ಯಾಂಕಿನಲ್ಲಿ ಉಳಿಯುತ್ತದೆ. ಫ್ಯಾಕ್ಟರಿಗೆ ನಷ್ಟ, ಸರಕಾರಕ್ಕೆ ತೆರಿಗೆ ಇಲ್ಲ, ಅಮ್ಮನಿಗೆ ಪಗಾರ ಇಲ್ಲ. ಯಾರು ಮಾಡಿದ್ದಾರೆ ಎಂಬುದು ಮಾತ್ರ ನನಗೆ ಆಗಲೂ ಗೊತ್ತಾಗಲಿಲ್ಲ. ವಕೀಲರಿಗೂ ಮೋಸವಾಗಿದೆ, ಅವರಿಗೆ ಬರೆದು ತಿಳಿಸಬೇಕು ಎಂದೇ ಮೊದಲು ಯೋಚಿಸಿದೆ.

ಎಲ್ಸಿಗೆ ಕಾಗದವನ್ನು ಇಂಗ್ಲಿಷಿನಲ್ಲಿ ಓದಿ ಹೇಳಿದೆ. ಅವಳು ಬಟಾಣಿ ಬಿಡಿಸುವುದನ್ನು ನಿಲ್ಲಿಸಿದಳು.

"ಒಡೆಯ ಯಾರು ಎಂದು ತೋರಿಸುವ ಒಂದು ಕಾಗದ ಬೇಕು, ಎಲ್ಸಿ. ನೀನು ನಿರ್ದೇಶಕಿ. ನೀನು ಕೇಳಿದರೆ ಕೊಡಲೇಬೇಕು."

"ನಾನು ಯಾವತ್ತೂ ಏನನ್ನೂ ಕೇಳಿಲ್ಲ. ಕೇಳದೆ ಇರುವುದಕ್ಕೇ ಅವರು ನನಗೆ ಹಣ ಕೊಡುವುದು."

"ನನ್ನ ಅಮ್ಮ ಸುಲಿದ ಶೆಟ್ಲಿ ಅದು."

ಅವಳು ಬಟಾಣಿಯ ಸಿಪ್ಪೆಗಳನ್ನು ಒಟ್ಟುಮಾಡಿ ಬುಟ್ಟಿಗೆ ಹಾಕಿದಳು. "ನೋಡೋಣ" ಎಂದಳು ಕೊನೆಗೆ.

ನಾನು ಕಾಯದೆ ಮರುದಿನವೇ ಟೈ ಮನುಷ್ಯನ ಆಫೀಸಿಗೆ ಹೋದೆ. ಸಮಾಧಾನದಲ್ಲೇ ಕೇಳಿದೆ, ಅಣ್ಣ ಹೇಳಿದ ಹಾಗೆ. ಅವನು ಕುರ್ಚಿ ಕೊಟ್ಟು, ಕಾಫಿ ಕೊಟ್ಟು, ಅಂಥ ಕಂಪನಿಯ ಬಗ್ಗೆ ಮಾತಾಡುವ ಅಧಿಕಾರ ತನಗಿಲ್ಲ ಎಂದ. ಹೊರಡುವಾಗ, ನಿಮಗೆ ಇಲ್ಲಿ ಇನ್ನೂ ಹತ್ತು ವರ್ಷ ಆಗಿಲ್ಲ ಅಲ್ಲವೇ ಎಂದು ಕೇಳಿದ. ಬಹಳ ಮೃದುವಾಗಿ ಕೇಳಿದ.

ಭಾನುವಾರ ಎಲ್ಸಿ ನನ್ನ ಕೋಣೆಯ ಬಾಗಿಲಲ್ಲಿ ನಿಂತು, "ಮಗಳು ಮಕ್ಕಳನ್ನು ಕರೆದುಕೊಂಡು ಬರುವವಳಿದ್ದಾಳೆ. ನೀನು ಬೇರೆ ಕೋಣೆ ನೋಡಿಕೊಳ್ಳಬೇಕು" ಎಂದಳು. ಮಗಳು ಬರುವವಳಲ್ಲ ಎಂದು ನನಗೂ ಗೊತ್ತು, ನನಗೆ ಗೊತ್ತಿದೆ ಎಂದು ಅವಳಿಗೂ ಗೊತ್ತು. ನಾನು ಆಸ್ಪತ್ರೆಯ ಹಿಂದಿನ ನರ್ಸುಗಳ ಹಾಸ್ಟೆಲಿಗೆ ಪೆಟ್ಟಿಗೆ ಸಾಗಿಸಿದೆ. ಆ ಸಲ ಅವಳು ಆ ಬೇಟೋ ಎನ್ನಲಿಲ್ಲ, ನಾನೂ ಹೋಗಿ ಬತ್ತೆ ಎನ್ನಲಿಲ್ಲ.

ರಜೆ ಸಿಕ್ಕಿ ಊರಿಗೆ ಬರುವ ಹೊತ್ತಿಗೆ ಫ್ಯಾಕ್ಟರಿಗೆ ಬೀಗ ಬಿದ್ದಿತ್ತು. ಅಣ್ಣ ಮತ್ತೊಬ್ಬರ ಬೋಟಿನಲ್ಲಿ ಕೂಲಿಗೆ ಹೋಗುತ್ತಿದ್ದ. ಅವನೂ ಕೇರಿಯ ಇಬ್ಬರೂ ಕಾರವಾರದ ಜಿಲ್ಲಾ ಕಚೇರಿಗೆ ಹೋಗಿ ಅರ್ಜಿ ಕೊಟ್ಟು ಬಂದಿದ್ದರು. ಅದು ಪರದೇಶದ ಕಂಪನಿ, ಒಡೆಯ ಯಾರೆಂಬ ಕಾಗದ ತನ್ನಿ ಎಂದು ಅಲ್ಲಿಯ ಸಾಹೇಬರು ಹೇಳಿದ್ದರಂತೆ. ನಾನು ಬಸ್ಸು ಹತ್ತಿ ಕುಮಟೆಗೆ ಹೋದೆ. ವಕೀಲರು ಅದೇ ಹಳೆಯ ಮನೆಯಲ್ಲಿ, ಅದೇ ಬೆತ್ತದ ಕುರ್ಚಿಯಲ್ಲಿದ್ದರು. ಹೆಂಡತಿಯನ್ನು ಕರೆದು ನನಗೆ ಪಾನಕ ತರಲು ಹೇಳಿದರು. ನಾನು ಕೇಳಿದ್ದು ಇಷ್ಟೇ: ಆ ಕಂಪನಿ ಯಾರದೆಂದು ನಿಮಗೆ ಗೊತ್ತಿದ್ದರೆ ಕಾರವಾರದಲ್ಲಿ ಒಂದು ಮಾತು ಹೇಳಿ, ಜನ ಬಹಳ ಕಷ್ಟದಲ್ಲಿದ್ದಾರೆ.

ವಕೀಲರು ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿದರು.

"ಸಾವಿತ್ರಿ, ವ್ಯಾಪಾರ ಹೇಳಿದ್ಮೇಲೆ ಲಾಭ ಲುಕ್ಸಾನು ಇದ್ದದ್ದೇ. ನೀ ನರ್ಸು, ನಿಂಗೆ ಇದೆಲ್ಲ ಎಂತಕೆ? ಕಾರವಾರಕ್ಕೆ ಹೋದ್ರೆ ಅವ್ರು ಕಾಗದ ತರ್ಸ್ತ್ರು. ಕಾಗದ ಬಂದ್ರೆ ನಿನ್ನ ಸಹಿನೂ ಅದ್ರಲ್ಲಿ ಅದೆಯಲ್ಲ. ಊರಿನ ಹೆಸ್ರು ಸಮೇತ ನೀನೇ ಬರ್ದಿದ್ದೆ. ಕೇರಿ ಜನಕ್ಕೆ ನೀ ಎಂತ ಹೇಳ್ತೆ?"

ಸಹಿಯ ಸಂಗತಿಯನ್ನು ನಾನು ಯಾರಿಗೂ ಹೇಳಿರಲಿಲ್ಲ. ಅಣ್ಣನಿಗೂ ಇಲ್ಲ. ಊರಿನ ಹೆಸರು ಬರೆದದ್ದು ಆ ಕಾಗದ ಕೈಯಲ್ಲಿದ್ದವರಿಗೆ ಮಾತ್ರ ಗೊತ್ತು.

ಪಾನಕ ಬಂತು. ಅವರ ಹೆಂಡತಿ ನನ್ನ ತಲೆ ಸವರಿ, ಸೊರಗಿದ್ದೀಯಲ್ಲ ಎಂದರು. ನಾನು ಲೋಟವನ್ನು ಮುಟ್ಟದೆ ಎದ್ದೆ. ಸಿಟ್ಟು ಬರಲಿಲ್ಲ. ನನ್ನ ಓದು, ನನ್ನ ಬಿಳಿ ಸಮವಸ್ತ್ರ, ಅಮ್ಮನ ಪೊಟ್ಟಣ ಹೊತ್ತು ತಂದ ಆ ಕೈ, ಯಾವುದನ್ನು ಇಟ್ಟುಕೊಳ್ಳುವುದು, ಯಾವುದನ್ನು ಎಸೆಯುವುದು ತಿಳಿಯದೆ ಬಸ್‌ಸ್ಟ್ಯಾಂಡಿನಲ್ಲಿ ಎರಡು ಬಸ್ಸು ಬಿಟ್ಟು ಕೂತಿದ್ದೆ. ಅವರು ನನ್ನನ್ನು ನೋಡಲು ಬಂದದ್ದಲ್ಲ. ಕಂಪನಿ ಮಾಡಲು ಬಂದಿದ್ದರು, ನಾನು ದಾರಿಯಲ್ಲಿ ಸಿಕ್ಕಿದವಳು.

ಮರುದಿನ ಮೀನು ಒಣಗಿಸುವ ಬಯಲಲ್ಲಿ ಕೇರಿಯ ಜನರನ್ನು ಕೂರಿಸಿಕೊಂಡು ನಾನೇ ಹೇಳಿದೆ. ಕಂಪನಿ ಯಾರದು, ಹೇಗೆ ನಡೆಯಿತು, ಎಲ್ಲ. ನಾನು ಸಾಕ್ಷಿ ಸಹಿ ಮಾಡಿದ್ದನ್ನೂ ಹೇಳಿದೆ. ಬಚ್ಚಿಟ್ಟರೆ ವಕೀಲರು ಹೇಳುತ್ತಾರೆ, ಅವರು ಹೇಳುವ ಮೊದಲು ನಾನು ಹೇಳಬೇಕಿತ್ತು. ಅಮ್ಮನ ಜೊತೆ ಶೆಟ್ಲಿ ಸುಲಿಯುತ್ತಿದ್ದ ನಾಗಮ್ಮ ಕೇಳಿದಳು.

"ಸಹಿ ಮಾಡೂಕೆ ನಿಂಗೆ ಎಷ್ಟು ಕೊಟ್ರು?"

"ಐದು ಪೌಂಡು."

ನಮ್ಮ ದುಡ್ಡಿನಲ್ಲಿ ಅದು ಎಷ್ಟಾಗುತ್ತದೆ ಎಂದು ಯಾರೂ ಕೇಳಲಿಲ್ಲ. ಒಬ್ಬೊಬ್ಬರೇ ಎದ್ದು ಹೋದರು. ಅಣ್ಣ ನೆಲ ನೋಡುತ್ತ ಕೂತೇ ಇದ್ದ. "ಒಂದು ಕಾಗದ ಬರೀಲಿಲ್ವಲ್ಲೇ ತಂಗಿ, ಸಹಿ ಮಾಡ್ದಾಗ್ಲೇ" ಎಂದ.

ವಕೀಲರು ಅದನ್ನು ಹೇಗೆ ತಿರುಗಿಸಿದರೋ ನನಗೆ ಗೊತ್ತಿಲ್ಲ. ನಾನು ಹೊರಡುವ ಮೊದಲೇ, ಸಾವಿತ್ರಿಯೇ ಪರದೇಶದಲ್ಲಿ ಕಂಪನಿ ಮಾಡಿಕೊಂಡಿದ್ದಾಳೆ, ವಕೀಲರು ಪಾಪ ನಂಬಿ ಕೆಟ್ಟರು ಎಂಬ ಮಾತು ಹುಟ್ಟಿತ್ತು. ನಂಬಲು ಕಾರಣವೂ ಇತ್ತು. ಕಾಗದದಲ್ಲಿ ಇದ್ದ ಹೊನ್ನಾವರದ ಹೆಸರು ನನ್ನದೊಂದೇ. ಬೀಗ ಬಿದ್ದ ಫ್ಯಾಕ್ಟರಿಯನ್ನು ಸಾಲಕ್ಕೆಂದು ಹರಾಜು ಹಾಕಿದರು. ವಕೀಲರು ಮುಂದೆಯೂ ಸನ್ಮಾನಗಳಲ್ಲಿ ಶಾಲು ಹೊದ್ದು ಕೂತರು. ಆ ಹಣ ಎಂದೂ ಊರಿಗೆ ಬರಲಿಲ್ಲ.

ನಾನು ದ್ವೀಪಕ್ಕೆ ಹಿಂತಿರುಗಿದೆ. ಬೇರೆ ಎಲ್ಲಿಗೆ ಹೋಗಲಿ? ಮನೆ ನಡೆಯುವುದು ನಾನು ಕಳಿಸಿದ ಹಣದಲ್ಲಿ. ಅಣ್ಣ ಅದನ್ನು ತೆಗೆದುಕೊಳ್ಳುತ್ತಿದ್ದ, ಬಂತು ಎಂದು ಒಂದು ಸಾಲು ಬರೆಯುತ್ತಿದ್ದ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಎಲ್ಸಿಗೆ ಲಕ್ವ ಹೊಡೆಯಿತು. ನಮ್ಮ ವಾರ್ಡಿಗೇ ತಂದರು. ಬಲಗೈ ಹೋಗಿತ್ತು, ಇಂಗ್ಲಿಷೂ ಹೋಗಿತ್ತು. ಹಳೆಯ ಭಾಷೆ ಮಾತ್ರ ಬಾಯಿಗೆ ಬರುತ್ತಿತ್ತು, ಅದು ತಿಳಿಯುವ ನರ್ಸು ಒಬ್ಬಳೂ ಇರಲಿಲ್ಲ. ಅವಳ ಅಡಿಗೆಮನೆಯಲ್ಲಿ ಕಲಿತ ನಾಲ್ಕು ಮಾತು ನನಗೆ ಗೊತ್ತಿದ್ದವು. ನೀರು, ನೋವು, ಚಳಿ, ಸಾಕು. ಅವಳ ಮೇಲೆ ಸಿಟ್ಟು ಇಟ್ಟುಕೊಳ್ಳಬೇಕು ಎಂದು ನೋಡಿದೆ. ಮೈ ಒರೆಸುವಾಗ ಸಿಟ್ಟು ನಿಲ್ಲುವುದಿಲ್ಲ. ಒಂದು ದಿನ ಅವಳು ಎಡಗೈಯಲ್ಲಿ ನನ್ನ ಕೈ ಹಿಡಿದುಕೊಂಡು ಏನೋ ಬಹಳ ಹೊತ್ತು ಹೇಳಿದಳು. ನನಗೆ ಒಂದು ಶಬ್ದವೂ ತಿಳಿಯಲಿಲ್ಲ. ಕ್ಷಮೆ ಕೇಳಿದಳೋ, ಗಂಡನ ಟೊಮೆಟೊ ಸುದ್ದಿ ಹೇಳಿದಳೋ.

ಗುರುವಾರ ಮೂರು ಗಂಟೆಗೆ ಟೈ ಮನುಷ್ಯ ವಾರ್ಡಿಗೆ ಬಂದ. ಈಗ ಕೂದಲು ನರೆತಿತ್ತು. ಅದೇ ಚೀಲ. ಎಲ್ಸಿಯ ಎಡಗೈಗೆ ಪೆನ್ನು ಕೊಟ್ಟು, ಕೆಳಗೆ ಕಾಗದ ಹಿಡಿದ. ಅವಳು ಮಗುವಿನ ಹಾಗೆ ಪೆನ್ನನ್ನು ನೋಡುತ್ತಿದ್ದಳು. ನಾನು ಪೆನ್ನನ್ನು ತೆಗೆದು ಅವನ ಜೇಬಿಗೆ ಸಿಕ್ಕಿಸಿದೆ.

"ರೋಗಿಗೆ ವಿಶ್ರಾಂತಿ ಬೇಕು" ಎಂದೆ.

ಅವನು ನನ್ನ ಜೊತೆ ಹೊರಗೆ ಬಂದ. ಕಾಗದಗಳು ನಿಂತುಹೋಗುತ್ತವೆ, ಬಹಳ ಜನಕ್ಕೆ ತೊಂದರೆ ಎಂದ. ಆಮೇಲೆ ದನಿ ತಗ್ಗಿಸಿ, "ನಿಮಗೆ ಈಗ ಹತ್ತು ವರ್ಷ ಆಗಿದೆ. ನಿಮ್ಮಂಥವರು ಬೇಕು. ಎಲ್ಸಿ ಮಾಡುತ್ತಿದ್ದ ಕೆಲಸವನ್ನು ನೀವೇ ಮಾಡಬಹುದು. ಮನೆಯಲ್ಲೇ ಕೂತು" ಎಂದ.

ಹೇಳಿದ್ದರಲ್ಲಿ ಕೆಡುಕೇನೂ ಇಲ್ಲ ಎಂಬ ಹಾಗೆ ಅವನ ಮುಖವಿತ್ತು. ಆ ಹೊತ್ತಿಗೆ ನನ್ನ ವಾರ್ಡಿನಲ್ಲಿ ಬೆಳಿಗ್ಗೆಯಿಂದ ನಾನೊಬ್ಬಳೇ ಇದ್ದೆ. ಆ ದ್ವೀಪದಲ್ಲಿ ಜಗತ್ತಿನ ಹಣವೆಲ್ಲ ಬಂದು ಮಲಗಿತ್ತು, ಒಬ್ಬ ಮುದುಕಿಯ ಮಗ್ಗುಲು ಬದಲಿಸಲು ಇನ್ನೊಬ್ಬರ ಕೈ ಇರಲಿಲ್ಲ. ಬೇಡ ಎಂದೆ. ಕಾರಣ ಹೇಳಲಿಲ್ಲ. ಎಲ್ಸಿ ಮುಂದಿನ ತಿಂಗಳು ತೀರಿಕೊಂಡಳು. ಅವಳ ಕಂಪನಿಗಳಿಗೆಲ್ಲ ಬೇರೆ ಯಾರೋ ಸಹಿ ಮಾಡಲು ಸಿಕ್ಕಿದರು, ಒಂದೂ ಮುಚ್ಚಲಿಲ್ಲ.

ಇದಿಷ್ಟನ್ನೂ ಅಣ್ಣನಿಗೆ ಬರೆದೆ. ಅವನ ಉತ್ತರ ಬರಲು ಎರಡು ತಿಂಗಳಾಯಿತು. 'ನೀ ಬ್ಯಾಡ ಅಂದದ್ದು ಚಲೋ ಆತು. ನಾ ನಂಬ್ತೆ. ಆದ್ರೆ ಇಲ್ಲಿ ಹೇಳೂಕೆ ಹೋಗ್ಲಿಲ್ಲ, ಯಾರೂ ನಂಬೂದಿಲ್ಲ. ಅಮ್ಮ ನಿನ್ನ ನೋಡ್ಬೇಕು ಹೇಳ್ತದೆ. ಮಂಗಳೂರಿಂದ ಬರೂವಾಗ ಹೊನ್ನಾವರದ ವರೆಗೆ ಬರೂದು ಬ್ಯಾಡ. ಭಟ್ಕಳದಲ್ಲಿ ಇಳಿ. ಅಮ್ಮನ್ನ ಅಲ್ಲಿಗೇ ಕರ್ಕಂಡು ಬತ್ತೆ.'

ಹಾಗೆ ಈಗ ನನ್ನ ಊರು ಭಟ್ಕಳದವರೆಗೆ ಇದೆ. ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಅಣ್ಣ ಒಂದು ಕೋಣೆ ಹಿಡಿದಿರುತ್ತಾನೆ. ಅಮ್ಮ ಮನೆಯಿಂದ ಅನ್ನ, ಬಂಗಡೆ ಸಾರು ಕಟ್ಟಿಕೊಂಡು ಬಂದಿರುತ್ತಾಳೆ. ನಾನು ಉಣ್ಣುವುದನ್ನು ನೋಡುತ್ತಾಳೆ, ಅಲ್ಲಿಯ ಚಳಿ ಕೇಳುತ್ತಾಳೆ. ಕೇರಿಯಲ್ಲಿ ಯಾರು ಹುಟ್ಟಿದರು, ಯಾರು ಹೋದರು ಹೇಳುತ್ತಾಳೆ. ಯಾರಾದರೂ ನನ್ನನ್ನು ಕೇಳಿದರೇ ಎಂದು ನಾನು ಕೇಳುವುದಿಲ್ಲ. ನಾಲ್ಕು ಗಂಟೆಗೆ ಅವರ ಬಸ್ಸು ಬಡಗಲಿಗೆ ಹೋಗುತ್ತದೆ. ಕಿಟಕಿಯಿಂದ ಅಮ್ಮ ಕೈ ಹೊರಗೆ ಹಾಕುತ್ತಾಳೆ. ಹೊನ್ನಾವರ, ಹೊನ್ನಾವರ ಎಂದು ಕಂಡಕ್ಟರು ಕೂಗುತ್ತಾನೆ, ನನ್ನ ಮುಖ ನೋಡಿ, "ಹತ್ತಿ ಅಕ್ಕ, ಜಾಗ ಅದೆ" ಎನ್ನುತ್ತಾನೆ. ನಾನು ಬೇಡ ಎಂದು ತಲೆಯಾಡಿಸಿ, ರಸ್ತೆ ದಾಟಿ, ತೆಂಕಲಿಗೆ ಹೋಗುವ ಬಸ್ಸಿಗೆ ನಿಲ್ಲುತ್ತೇನೆ.